ನಂದಾ ಹಳ್ಳಕ್ಕೆ ಬಿಟ್ಟ ಸೂರ್ಯ

ಮೊದಲೇ ಹೇಳಿಬಿಡುತ್ತೇನೆ, ನಂದಾ ಕೈಕಟ್ಟಿ ಕೂರುವ ಹೆಂಗಸಲ್ಲ. ಅಮೆರಿಕಕ್ಕೆ ಬಂದಮೇಲೂ ಕೂರಲಿಲ್ಲ. ತೊಂಬತ್ತೊಂಬತ್ತನೆಯ ಇಸವಿಯ ಮೇ ತಿಂಗಳಲ್ಲಿ, ಬಾಸ್ಕಿಂಗ್ ರಿಡ್ಜ್ ಅನ್ನುವ ಊರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ, ಗಂಡನ ಕರೀ ಕಾರಿನ ಬಾನೆಟ್ ಮೇಲೆ ಹಳೇ ಧೋತರ ಹಾಸಿ ಸಾಬೂದಾಣಿ ಸಂಡಿಗೆ ಒಣಗಹಾಕಿದವಳು ಅವಳು. ಮೇಲಿನ ಕಿಟಕಿಯಿಂದ ಇದನ್ನು ನೋಡಿ ಗಂಡ ವೀರೇಂದ್ರ ಹೌಹಾರಿ ಕೆಳಗೆ ಓಡಿಬಂದ.

"ನಂದಾ, ಅದು ಕಾರು. ಊರಾಗಿನ ಮನಿ ಮಾಳಗಿ ಅಲ್ಲ."

"ಗೊತ್ತೈತ್ರಿ. ಮಾಳಗಿ ಇದ್ದಿದ್ರ ನಿಮ್ಮ ಕಾರಿನ ತಂಟಿಗೆ ನಾ ಯಾಕ ಬರ್ತಿದ್ದೆ?"

"ನೋಡಿದ ಮಂದಿ ಏನಂದಾರು?"

"ಮಂದಿ ಎಲ್ಲಿದ್ದಾರ? ಮುಂಜಾನಿಂದ ಒಂದು ಅಳಿಲು ಬಂದು ನೋಡಿಹೋತು. ಅದೂ ಏನೂ ಅನ್ನಲಿಲ್ಲ."

ವೀರೇಂದ್ರ ಒಳ್ಳೆಯ ಮನುಷ್ಯ, ಆದರೆ ಸ್ವಲ್ಪ ಪುಕ್ಕಲ. ಅವನ ಪುಕ್ಕಲುತನಕ್ಕೆ ಕಾರಣವೂ ಇತ್ತು ಅನ್ನಿ. ಎರಡು ಸಾವಿರನೇ ಇಸವಿ ಹುಟ್ಟಿದ ಕ್ಷಣಕ್ಕೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಸಾವಿರದ ಒಂಬೈನೂರಕ್ಕೆ ಹಿಂದೋಡುತ್ತವೆ ಅಂತ ಜಗತ್ತೆಲ್ಲ ಗಾಬರಿಯಾಗಿದ್ದ ಕಾಲ ಅದು. ಹಳೇ ಪ್ರೋಗ್ರಾಮುಗಳಲ್ಲಿ ಇಸವಿ ಎಲ್ಲೆಲ್ಲಿ ಅಡಗಿದೆ ಅಂತ ಹುಡುಕಿ ಸರಿಮಾಡುವುದು ಅವನ ಕೆಲಸ. ಕೆಲಸ ಬೇಕಾದಷ್ಟಿತ್ತು, ಆದರೆ ನಿಂತಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ. ಒಂದು ಕಂಪನಿಯ ಪ್ರಾಜೆಕ್ಟು ಮುಗಿದ ಕೂಡಲೇ ಏಜೆನ್ಸಿಯವರು ಇನ್ನೊಂದು ಊರಿಗೆ ಅಟ್ಟುತ್ತಿದ್ದರು. ಮೊದಲು ಕನೆಕ್ಟಿಕಟ್, ಆಮೇಲೆ ಒಹಾಯೊ, ಆಮೇಲೆ ಫ್ಲೋರಲ್ ಪಾರ್ಕ್ ಊರಿನಲ್ಲಿ ಯಾರದೋ ಮನೆಯ ಬೇಸ್ಮೆಂಟು, ಈಗ ಇದು. ಇದೂ ಡಿಸೆಂಬರಿಗೆ ಮುಗಿಯುವುದೇ. ಹಾಗಾಗಿ ಯಾವ ಮನೆಗೆ ಹೋದರೂ ವೀರೇಂದ್ರನದು ಒಂದೇ ಮಂತ್ರ. ನಾಲ್ಕು ದಿನ ಇರೋ ಮನಿ, ಗೋಡೆಗೆ ಮೊಳಿ ಹೊಡೀಬ್ಯಾಡ. ನಂದಾಳ ಅಪ್ಪ ಅವ್ವನ ಫೋಟೊ, ಅವಳೇ ಕಸೂತಿ ಹಾಕಿದ ಬಾಗಿಲು ತೋರಣ, ಎಲ್ಲವೂ ಒಹಾಯೊದಲ್ಲಿ ಟೇಪು ಸುತ್ತಿದ ಪೆಟ್ಟಿಗೆಯೊಳಗೇ ಇದ್ದವು. ಆ ಪೆಟ್ಟಿಗೆಯನ್ನು ಕಂಡರೆ ಅವಳಿಗೆ ಕೆಟ್ಟ ಸಿಟ್ಟು ಬರುತ್ತಿತ್ತು.

ಗದಗಿನಲ್ಲಿ ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಆಗಿದ್ದವಳು. ಅದಕ್ಕೂ ಮೊದಲೇ ಬೆರಳಿಗೆ ಕೆಲಸ ಕಲಿಸಿದವಳು ಅಜ್ಜಿ ವೀರಬಸಮ್ಮ. ಲಿಂಗ ಕಟ್ಟಿಕೊಳ್ಳುವ ಶಿವದಾರ ಮಾಡುವುದರಲ್ಲಿ ವೀರಬಸಮ್ಮನದು ಎತ್ತಿದ ಕೈ. ನೂಲು ಹೊಸೆಯುವಾಗ ಸಡಿಲ ಬಿಡಬಾರದು, ನಡುವೆ ಗಂಟು ಬರಬಾರದು, ಮನಸ್ಸಿನಲ್ಲಿ ಕೆಟ್ಟದ್ದು ಇಟ್ಟುಕೊಳ್ಳಬಾರದು ಅಂತ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗದರುತ್ತಿದ್ದಳು. ಹೊಸ ಶಿವದಾರ ಕಟ್ಟಿಕೊಂಡ ದಿನ ಹಳೆಯದಕ್ಕೆ ವಿಭೂತಿ ಹಚ್ಚಿ, ಹೂ ಇಟ್ಟು, ಹರಿಯುವ ನೀರಿಗೆ ಬಿಟ್ಟು ಬರುವುದು ಅವರ ಮನೆಯ ಪದ್ಧತಿ. ದೇವರ ಹರಕು ಫೋಟೊ, ಬಾಗಿಲಿಗೆ ಕಟ್ಟಿ ಹಳತಾದ ತೋರಣ, ಎಲ್ಲಕ್ಕೂ ಅದೇ ಮರ್ಯಾದೆ. ಪೂಜೆ ಮಾಡಿದ್ದನ್ನು ಕಸದ ಬುಟ್ಟಿಗೆ ಹಾಕುವುದುಂಟೇ? ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಎಡವಟ್ಟು ಮಾಡಿಸುತ್ತದೆ.

ಸರಿ, ಆ ಸಂಡಿಗೆಯ ದಿನ ಗಂಡ ಹೆಂಡತಿ ಕಾರಿನ ಮುಂದೆ ನಿಂತು ಜಗ್ಗಾಡುತ್ತಿರುವಾಗ ನಾಯಿ ಹಿಡಿದುಕೊಂಡು ಒಬ್ಬ ಹೆಂಗಸು ಬಂದಳು. ಅರವತ್ತು ದಾಟಿದ ವಯಸ್ಸು, ಗಂಡಸರ ಅಂಗಿ, ಕತ್ತರಿಸಿದ ಬಿಳೀ ಕೂದಲು. ಅಪಾರ್ಟ್‌ಮೆಂಟಿನ ಹಿಂದಿನ ಹಳೇ ಮರದ ಮನೆಯ ಡೊರೀನ್. ಫೋನ್ ಕಂಪನಿಯಲ್ಲಿ ದುಡಿದು ರಿಟೈರ್ ಆದವಳು, ಒಂಟಿ ಜೀವ. ಬಾನೆಟ್ ಮೇಲೆ ಬಗ್ಗಿ ನೋಡಿ, ಇದೇನು ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಮ್ಯಾನೇಜರಿಗೆ ಹೇಳಿಬಿಡುತ್ತಾಳೆ ಅಂತ ವೀರೇಂದ್ರ ಬೆವತ. ನಂದಾ ಮಾತ್ರ ತಡವರಿಸದೆ, ಇದನ್ನು ಬಿಸಿಲಲ್ಲಿ ಒಣಗಿಸಿದರೆ ವರ್ಷವಿಡೀ ಕೆಡುವುದಿಲ್ಲ, ಬೇಕಾದಾಗ ಎಣ್ಣೆಯಲ್ಲಿ ಕರಿದು ತಿನ್ನುತ್ತೇವೆ ಅಂತ ವಿವರಿಸಿದಳು.

"ಹಾಗಾದರೆ ಬಿಸಿಲನ್ನು ಡಬ್ಬಿಯಲ್ಲಿ ತುಂಬಿಡ್ತೀಯ ಅನ್ನು," ಅಂದಳು ಡೊರೀನ್. "ನನ್ನ ಮನೆ ಹಿಂದೆ ದೊಡ್ಡ ಅಂಗಳ ಇದೆ. ನಾಳೆಯಿಂದ ಅಲ್ಲೇ ಬಂದು ಹಾಕು."

ಹೀಗೆ ಶುರುವಾಯಿತು ಗೆಳೆತನ. ನಂದಾ ದಿನಾ ಹೋದಳು. ಸಂಡಿಗೆ ಮುಗಿದು ಹಪ್ಪಳ ಬಂತು, ಹಪ್ಪಳ ಮುಗಿದು ಹಸಿಮೆಣಸಿನಕಾಯಿ ಬಂತು. ಅಂಗಳದ ಕೊನೆಗೆ ಒಂದು ಸಣ್ಣ ಹಳ್ಳ, ಕಲ್ಲುಗಳ ಮೇಲೆ ಸದ್ದುಮಾಡುತ್ತಾ ಹರಿಯುತ್ತಿತ್ತು. ಡೊರೀನಳ ಬಾಗಿಲ ಮೇಲೆ ತೂಗುತ್ತಿದ್ದ ಒಂದು ವಸ್ತು ನಂದಾಳಿಗೆ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು. ಕಾಡುದ್ರಾಕ್ಷಿಯ ಬಳ್ಳಿಯನ್ನು ಬಾಗಿಸಿ ಮಾಡಿದ ಬಳೆಯಂಥ ಚಕ್ರ, ಅದರೊಳಗೆ ಅಡ್ಡ ಉದ್ದ ಕಟ್ಟಿದ ಎರಡು ಓಕ್ ಕಡ್ಡಿ, ನಡುವಿನಿಂದ ಸುತ್ತುತ್ತಾ ಹೋದ ಹಳದಿ ಕೆಂಪು ನೂಲು, ಅಂಚಿಗೆ ಒಣಗಿದ ಹೂಗಳ ಗೊಂಚಲು.

"ಅದು ನಮ್ಮ ಸೂರ್ಯ," ಅಂದಳು ಡೊರೀನ್. ಅವಳೂ ಅವಳ ಹತ್ತು ಹನ್ನೆರಡು ಜನ ಸ್ನೇಹಿತರೂ ಪೇಗನ್ ಪಂಥದವರು. ಚರ್ಚು ಗಿರ್ಚು ಇಲ್ಲ. ಸೂರ್ಯ, ಚಂದ್ರ, ಮಣ್ಣು, ಋತು, ಇವೇ ಅವರ ದೇವರುಗಳು. ವರ್ಷದಲ್ಲಿ ಹಗಲು ಎಲ್ಲಕ್ಕಿಂತ ಉದ್ದವಾಗಿರುವ ಜೂನ್ ತಿಂಗಳ ಆ ದಿನ ಎಲ್ಲರೂ ಈ ಅಂಗಳದಲ್ಲಿ ಸೇರಿ ಬೆಂಕಿ ಹಾಕುತ್ತಾರೆ, ಹೊಸ ಸೂರ್ಯನನ್ನು ಬಾಗಿಲಿಗೆ ಕಟ್ಟುತ್ತಾರೆ. ಅವತ್ತಿನಿಂದ ಹಗಲು ಗಿಡ್ಡವಾಗುತ್ತಾ ಹೋಗುತ್ತದಲ್ಲ, ಆ ಕತ್ತಲಿನ ತಿಂಗಳುಗಳಲ್ಲಿ ಮನೆಗೂ ಮನೆಯವರಿಗೂ ಅದೇ ರಕ್ಷೆ. ನಂದಾಳಿಗೆ ಇದರಲ್ಲಿ ವಿಚಿತ್ರ ಅನ್ನಿಸುವಂಥದ್ದೇನೂ ಕಾಣಲಿಲ್ಲ. ಬಾಗಿಲಿಗೆ ರಕ್ಷೆ ಕಟ್ಟದ ಮನೆಯನ್ನು ಅವಳು ನೋಡಿದ್ದೇ ಅಮೆರಿಕಕ್ಕೆ ಬಂದಮೇಲೆ.

ಜೂನ್ ಮೊದಲ ವಾರ ಡೊರೀನ್ ಏಣಿಯಿಂದ ಜಾರಿ ಬಲಗೈ ಮುರಿದುಕೊಂಡಳು. ಮೊಣಕೈವರೆಗೆ ಪ್ಲಾಸ್ಟರ್. ನಂದಾ ಬಿಸಿ ಅನ್ನ ಸಾರು ಕಟ್ಟಿಕೊಂಡು ಹೋದಾಗ ಅವಳು ಅಡುಗೆಮನೆಯಲ್ಲಿ ಎಡಗೈಯಿಂದ ಬಳ್ಳಿ ಬಾಗಿಸಲು ಹೆಣಗಾಡುತ್ತಿದ್ದಳು.

"ಆಗ್ತಿಲ್ಲ ನಂದಾ. ಈ ವರ್ಷ ಸೂರ್ಯನನ್ನು ಮಾಡೋಕೆ ನನ್ನ ಕೈಲಿ ಆಗಲ್ಲ." ಆಮೇಲೆ ತಲೆಯೆತ್ತಿ ನೋಡಿದಳು. "ನೀನು ಮಾಡ್ತೀಯಾ?"

ಅಯ್ಯೋ, ಆಗ ನಂದಾಳ ಮುಖ ನೋಡಬೇಕಿತ್ತು. ಮೂರು ವರ್ಷದಲ್ಲಿ ಈ ದೇಶದಲ್ಲಿ ಯಾರೂ ಅವಳನ್ನು ಏನೂ ಮಾಡಿಕೊಡು ಅಂತ ಕೇಳಿರಲಿಲ್ಲ. ಅವಳ ವೀಸಾದಲ್ಲಿ ದುಡಿಯುವಂತಿಲ್ಲ. ಎಲ್ಲಿ ಹೋದರೂ ವೀರೇಂದ್ರನ ಹೆಂಡತಿ, ಅಷ್ಟೇ. ಆಗಲಿ ಅಂತ ತಲೆಯಾಡಿಸಿ, ಆಗಲೇ ಬಳ್ಳಿಯನ್ನು ಕೈಗೆತ್ತಿಕೊಂಡಳು.

ಡೊರೀನ್ ಬಾಗಿಲ ಮೇಲಿನ ಸೂರ್ಯನನ್ನು ಇಳಿಸಿ ನಂದಾಳ ಎರಡೂ ಅಂಗೈ ಮೇಲೆ ಇಟ್ಟಳು. "ಇದನ್ನು ನೋಡಿಕೊಂಡು ಮಾಡು. ಇದು ಜೋಪಾನ."

ಮನೆಗೆ ತಂದಾಗ ವೀರೇಂದ್ರ ಎರಡು ಹೆಜ್ಜೆ ಹಿಂದೆ ಸರಿದು ನಿಂತ. "ಇದೇನು ಮಾಟ-ಗೀಟ ಅಲ್ಲ ಹೌದಿಲ್ಲೋ? ನಾವು ಎಚ್-ಒನ್ ವೀಸಾ ಮ್ಯಾಲ ಬಂದಾವ್ರು ನಂದಾ."

"ನಿಮ್ಮವ್ವ ದಿನಾ ಮುಂಜಾನೆ ಎದ್ದು ಸೂರ್ಯನ ಕಡೆ ಮುಖ ಮಾಡಿ ಕೈ ಮುಗೀತಾರಲ್ಲ, ಅದೇನು ಮಾಟ?"

"ಅವ್ವ ಎಚ್-ಒನ್ ಮ್ಯಾಲ ಇಲ್ಲ."

"ಹಂಗಾರ ನೀವು ಕಣ್ಣು ಮುಚ್ಚಿಕೊಂಡು ಇರ್ರಿ. ಇಮಿಗ್ರೇಶನ್‌ನಾವ್ರು ಬಂದು ಕೇಳಿದ್ರ, ನಾ ನೋಡಿಲ್ಲ ಅನ್ರಿ."

ಅಲ್ಲಿಂದ ಮುಂದೆ ಆ ಮನೆಯಲ್ಲಿ ಅಡುಗೆಗೆ ಹೊತ್ತು ಗೊತ್ತು ಇಲ್ಲ. ಬಳ್ಳಿಯನ್ನು ಬಾತ್‌ಟಬ್ಬಿನಲ್ಲಿ ನೆನೆಹಾಕಿದಳು, ವೀರೇಂದ್ರ ಆಫೀಸಿಗೆ ಹೋಗುವ ಮುಂಚೆ ಸ್ನಾನಕ್ಕೆ ಇಳಿದವನು ಕಾಲಿಗೆ ಏನೋ ಸುತ್ತಿಕೊಂಡಿತು ಅಂತ ಕೂಗಿಕೊಂಡ. ಮೊದಲ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿತು, ಬಿಚ್ಚಿದಳು. ಎರಡನೆಯದು ಒಣಗುವಾಗ ಸೀಳಿತು. ಮೂರನೆಯದನ್ನು ಕುಕ್ಕರಿನ ಸುತ್ತ ಬಿಗಿದು ಕಟ್ಟಿ ಇಟ್ಟಳು, ಅದು ಗುಂಡಗೆ ಕೂತಿತು. ಕುಕ್ಕರ್ ಬಿಡುಗಡೆಯಾಗುವ ತನಕ ಗಂಡನಿಗೆ ಮೂರು ಹೊತ್ತೂ ಉಪ್ಪಿಟ್ಟು. ನೂಲನ್ನು ಅಂಗಡಿಯಿಂದ ತರಲಿಲ್ಲ. ಬಿಳೀ ಹತ್ತಿ ನೂಲನ್ನು ತೊಡೆಯ ಮೇಲೆ ಹೊಸೆದು, ಅರಿಸಿನದಲ್ಲಿ ಅದ್ದಿ ಹಳದಿ ಮಾಡಿದಳು, ಅದರಲ್ಲಿ ಅರ್ಧಕ್ಕೆ ಸುಣ್ಣದ ತಿಳಿ ಹಾಕಿ ಕೆಂಪು ಮಾಡಿದಳು. ಡೊರೀನ್ ಹೇಳಿದ ಹಳದಿ ಹೂವು, ಸೇಂಟ್ ಜಾನ್ಸ್ ವರ್ಟ್ ಅಂತೆ, ಹೈವೇ ಪಕ್ಕದ ಹುಲ್ಲಿನಲ್ಲಿ ಅರಳುತ್ತದೆ. ಅದನ್ನು ಕೀಳಲು ವೀರೇಂದ್ರ ಕಾರು ನಿಲ್ಲಿಸಬೇಕಾಯಿತು, ಪೊಲೀಸ್ ಬಂದಾನು ಅಂತ ಅವನು ಹಜಾರ್ಡ್ ಲೈಟ್ ಹಾಕಿಕೊಂಡು ಕೂತಿದ್ದ. ನೂಲು ಸುತ್ತುವಾಗ ಮಾತ್ರ ನಂದಾ ಟೀವಿ ಆರಿಸಿ, ಅಜ್ಜಿ ಹೇಳಿದಂತೆ ಮನಸ್ಸು ತೊಳೆದುಕೊಂಡು ಕೂತಳು. ಒಂದು ಗಂಟಿಲ್ಲ, ಒಂದು ಸಡಿಲಿಲ್ಲ. ಸೂರ್ಯಪ್ಪ ಅವಳ ಕೈಯಲ್ಲಿ ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತಾ ಬಂದ. ಸಂತೋಷ ತಡೆಯಲಾರದೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು.

ಜೂನ್ ಇಪ್ಪತ್ತೊಂದು, ಸೋಮವಾರ. ಬೆಳಕು ಹರಿಯುವಾಗ ಕೊನೆಯ ಸುತ್ತು ಮುಗಿಯಿತು. ಶಿವನ ವಾರ ಬೇರೆ. ನಂದಾ ಸ್ನಾನ ಮಾಡಿ, ಹೊಸ ಸೂರ್ಯನನ್ನು ದೇವರ ಮುಂದಿಟ್ಟು ಕೈ ಮುಗಿದಳು. ಪಕ್ಕದಲ್ಲಿ ಹಳೆಯದು ಬಣ್ಣಗೆಟ್ಟು ಕೂತಿತ್ತು. ವರ್ಷವಿಡೀ ಆ ಮನೆ ಕಾದಿದೆ ಪಾಪ, ಇದನ್ನು ಹೀಗೇ ಬಿಡಬಾರದು ಅಂದುಕೊಂಡಳು. ಜೋಪಾನ ಅಂದಿದ್ದಾಳಲ್ಲ ಡೊರೀನ್. ಅದಕ್ಕಿಂತ ಹೆಚ್ಚಿನ ಜೋಪಾನ ನಂದಾಳಿಗೆ ಗೊತ್ತಿರಲಿಲ್ಲ. ವಿಭೂತಿ ಹಚ್ಚಿದಳು, ಕುಂಕುಮ ಇಟ್ಟಳು, ಒಂದು ಹೂ ಸಿಕ್ಕಿಸಿದಳು. ಅಂಗಳದ ಕೊನೆಯ ಹಳ್ಳಕ್ಕೆ ಹೋಗಿ, ಕಲ್ಲಿನ ಮೇಲೆ ಕೂತು, ನೀರಿಗೆ ಬಿಟ್ಟಳು. ಅದು ಒಂದು ಸುತ್ತು ತಿರುಗಿ ಸೊಗಸಾಗಿ ತೇಲಿಹೋಯಿತು. ತುಂಬಾ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

ತಿಂಡಿ ಮುಗಿಸಿ, ಗಂಡನನ್ನು ಕೆಲಸಕ್ಕೆ ಕಳಿಸಿ, ಹೊಸ ಸೂರ್ಯನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಡೊರೀನಳ ಬಾಗಿಲು ತಟ್ಟಿದಳು. ಡೊರೀನ್ ನೋಡಿದಳು. ಎಡಗೈಯಿಂದ ನೂಲನ್ನು ಮುಟ್ಟಿ ಮುಟ್ಟಿ ನೋಡಿದಳು. ಕಣ್ಣು ತುಂಬಿಕೊಂಡಳು.

"ನನಗಿಂತ ಚೆನ್ನಾಗಿ ಮಾಡಿದೀಯ. ಪೆಗಿ ನೋಡಿದ್ದರೆ ಖುಷಿಪಡ್ತಿದ್ದಳು."

ಪೆಗಿ ಅವಳ ತಂಗಿ, ತೀರಿಕೊಂಡು ಬಹಳ ವರ್ಷವಾಗಿತ್ತು. "ಮೊದಲನೇ ಸೂರ್ಯನನ್ನು ಮಾಡಿದವಳು ಅವಳೇ. ಮುಂದಿನ ವರ್ಷ ಅದನ್ನು ಸುಟ್ಟು ಆ ವರ್ಷದ ಬೆಂಕಿ ಹಚ್ಚಿದೆವು. ಅದರ ಮುಂದಿನ ವರ್ಷ ಎರಡನೆಯದನ್ನು. ಅವತ್ತಿನಿಂದ ಒಂದು ವರ್ಷವೂ ತಪ್ಪಿಲ್ಲ. ಕಡ್ಡಿಪೆಟ್ಟಿಗೆಯ ಕಿಡಿ ಮುಟ್ಟೋದು ಹಳೇ ಸೂರ್ಯನಿಗೆ ಮಾತ್ರ, ಸೌದೆಗೆ ಬೆಂಕಿ ಕೊಡೋದು ಅವನೇ. ಪೆಗಿ ಕೈಯಿಂದ ಶುರುವಾದ ಬೆಂಕಿ ಅದು. ನನ್ನ ಹತ್ತಿರ ಅವಳದು ಅಂತ ಉಳಿದಿರೋದು ಅದೊಂದೇ." ಆಮೇಲೆ ನಂದಾಳ ಖಾಲಿ ಕೈ ನೋಡಿ ಕೇಳಿದಳು. "ಹಳೇದು ಎಲ್ಲಿ?"

ನಂದಾಳ ಬಾಯಿಂದ ಬಂದ ಮಾತು, "ಮನೆಯಲ್ಲಿದೆ, ತರ್ತೀನಿ." ಅಷ್ಟು ಹೇಳಿ ಹೊರಗೆ ಬಂದವಳು ಮನೆ ಕಡೆ ಹೋಗಲಿಲ್ಲ, ಹಳ್ಳದ ಕಡೆ ಓಡಿದಳು.

ಬಿಟ್ಟ ಜಾಗದಲ್ಲಿ ಹೂವಿನ ಒಂದು ಎಸಳೂ ಇರಲಿಲ್ಲ. ದಂಡೆಯ ಪೊದೆ ಸರಿಸಿ ನೋಡಿದಳು, ಕಲ್ಲಿನ ಸಂದಿ ನೋಡಿದಳು. ಚಪ್ಪಲಿ ಕೆಸರಲ್ಲಿ ಹೂತು ಒಂದರ ಪಟ್ಟಿ ಕಿತ್ತುಹೋಯಿತು. ಹಳ್ಳ ಮುಂದೆ ಮುಂದೆ ಹೋಗುತ್ತಲೇ ಇತ್ತು. ಸತ್ತವಳ ನೆನಪನ್ನು ನಾನೇ ನನ್ನ ಕೈಯಾರೆ ನೀರುಪಾಲು ಮಾಡಿದೆನಲ್ಲಾ ಅಂತ ಅವಳಿಗೆ ಅಳು ಬಂತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಡೋಣ ಅಂತಲೂ ಒಂದು ಗಳಿಗೆ ಅನ್ನಿಸಿತು. ಹೇಗೂ ಡಿಸೆಂಬರಿಗೆ ಈ ಊರು ಬಿಡುವವರು, ಯಾರು ಕೇಳುತ್ತಾರೆ. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಗಿ, ತಿರುಗಿ ಬಂದು ಡೊರೀನಳ ಮುಂದೆ ನಿಂತು ಎಲ್ಲ ಹೇಳಿಬಿಟ್ಟಳು. ಶಿವದಾರದಿಂದ ಹಿಡಿದು ಹಳ್ಳದವರೆಗೆ.

ಡೊರೀನ್ ಕುರ್ಚಿಗೆ ಒರಗಿ ಕೂತಳು. ಬೈದಿದ್ದರೆ ನಂದಾ ಸಹಿಸಿಕೊಳ್ಳುತ್ತಿದ್ದಳು, ಅವಳು ಬೈಯಲಿಲ್ಲ.

"ಹೂ ಕೂಡ ಇಟ್ಟೆಯಾ?" ಅಂದಳು ಕೊನೆಗೆ.

"ಇಟ್ಟೆ."

"ಬೂಟು ಮೂಲೆಯಲ್ಲಿದೆ, ಹಾಕಿಕೋ. ಹಳ್ಳ ಮುಂದೆ ರಸ್ತೆ ಕೆಳಗೆ ಪೈಪಿನಲ್ಲಿ ನುಗ್ಗುತ್ತೆ. ಪೈಪಿನ ಬಾಯಿಗೆ ಜಾಲರಿ ಇದೆ."

ಇಬ್ಬರೂ ಹೊರಟರು. ಪ್ಲಾಸ್ಟರ್ ಕೈಯ ಮುದುಕಿ ದಂಡೆಯ ಮೇಲೆ, ದೊಗಳೆ ಬೂಟಿನಲ್ಲಿ ಸೀರೆ ಮೊಣಕಾಲಿಗೆ ಎತ್ತಿಕಟ್ಟಿದ ನಂದಾ ನೀರೊಳಗೆ, ನಾಯಿ ಇಬ್ಬರ ನಡುವೆ ಬೊಗಳುತ್ತಾ. ಒಂದು ಕಡೆ ಏನೋ ಹಳದಿ ಕಂಡು ನಂದಾ ಬಿದ್ದು ಎದ್ದು ಓಡಿದಳು, ಚಿಪ್ಸ್ ಪ್ಯಾಕೆಟ್ಟು. ಇನ್ನೊಂದು ಕಡೆ ಚಕ್ರ ಕಂಡಿತು, ಸೈಕಲ್ಲಿನದು. ಕೊನೆಗೆ ರಸ್ತೆಯ ಪೈಪು ಬಂತು. ಜಾಲರಿಯ ತುಂಬಾ ಕಸ, ಎಲೆ, ಪ್ಲಾಸ್ಟಿಕ್ ಚೀಲ. ನಂದಾ ಮೊಣಕೈವರೆಗೆ ಕೈ ಹಾಕಿ ಬಗೆದಳು. ಕೈಗೆ ನೂಲು ತಾಕಿತು. ಬೆರಳಿಗೆ ನೂಲಿನ ಗುರುತು ಸಿಗದೆ ಇರುತ್ತದೆಯೇ, ಅದೂ ವೀರಬಸಮ್ಮನ ಮೊಮ್ಮಗಳಿಗೆ? ಎಳೆದಳು. ಸೂರ್ಯಪ್ಪ ನೀರು ಸುರಿಸುತ್ತಾ ಮೇಲೆ ಬಂದ. ಇಬ್ಬರೂ ಹೆಂಗಸರು ರಸ್ತೆ ಪಕ್ಕದಲ್ಲಿ ನಿಂತು ಚಿಕ್ಕ ಹುಡುಗಿಯರ ಹಾಗೆ ಕುಣಿದರು. ಹೋಗುತ್ತಿದ್ದ ಒಂದು ಕಾರಿನವನು ನಿಧಾನಿಸಿ ನೋಡಿಕೊಂಡು ಹೋದ.

ಕುಣಿತ ಮುಗಿದಮೇಲೆ ಡೊರೀನ್ ಅದನ್ನು ಒತ್ತಿ ನೋಡಿ ಸಪ್ಪಗಾದಳು. "ಇದು ಎಲ್ಲಿ ಹೊತ್ತಿಕೊಳ್ಳುತ್ತೆ ನಂದಾ? ಎಂಟೂವರೆಗೆ ಸೂರ್ಯ ಮುಳುಗ್ತಾನೆ."

"ಇವತ್ತು ಎಲ್ಲಕ್ಕಿಂತ ಉದ್ದದ ಹಗಲು ಅಂದಿರಲ್ಲ," ಅಂದಳು ನಂದಾ. ಅವಳ ದನಿ ಆಗಲೇ ಬದಲಾಗಿತ್ತು. "ಒಣಗಿಸೋ ಕೆಲಸ ನನಗೆ ಬಿಡಿ. ನಿಮ್ಮ ಫೋನ್ ಎಲ್ಲಿದೆ?"

ಫೋನಿನಲ್ಲಿ ಹೆಂಡತಿ ಏದುಸಿರು ಬಿಡುತ್ತಾ, "ಕಾರು ತಗೊಂಡು ಈಗಿಂದೀಗ ಬರ್ರಿ," ಅಂದದ್ದೇ ತಡ, ವೀರೇಂದ್ರ ಮೀಟಿಂಗಿನಿಂದ ಫ್ಯಾಮಿಲಿ ಎಮರ್ಜೆನ್ಸಿ ಅಂತ ಎದ್ದುಬಂದ. ಯಾರಿಗೆ ಏನಾಯಿತೋ ಅಂತ ಬೆವರುತ್ತಾ ಇಳಿದರೆ, ಹೆಂಡತಿ ಅವನ ಮುಖವನ್ನೂ ನೋಡದೆ ಬಾನೆಟ್ ಮುಟ್ಟಿ ನೋಡಿ, "ಛಲೋ ಕಾದೈತಿ," ಅಂತ ಟವೆಲ್ ಹಾಸಿ ಒದ್ದೆ ಸೂರ್ಯನನ್ನು ಮಲಗಿಸಿದಳು. ವಿಷಯ ತಿಳಿದಮೇಲೆ ಅವನು ತಲೆ ಚಚ್ಚಿಕೊಂಡ.

"ಹೆಸರು ನೋಡಿದ್ರ ನಂದಾ. ಮಾಡೋದು ಮಂದಿ ಮನಿ ನಂದಾದೀಪ ಆರಿಸೋ ಕೆಲಸ."

"ಬೈಯೋದಿದ್ರ ಸಂಜಿಗೆ ಬೈರಿ. ಈಗ ಆ ಮರದ ನೆರಳು ಬರಾಕತ್ತೈತಿ, ಕಾರು ಮುಂದಕ್ಕ ತಗೋರಿ."

ಅವನು ತಗೊಂಡ. ನೆರಳು ಸರಿದ ಹಾಗೆಲ್ಲ ಡೊರೀನಳ ಡ್ರೈವ್‌ವೇಯಲ್ಲಿ ಕಾರು ಮುಂದೆ ಮುಂದೆ ತೆವಳಿತು, ಬಾನೆಟ್ ಮೇಲೆ ಕೈ ಇಟ್ಟುಕೊಂಡು ನಂದಾ ಪಕ್ಕದಲ್ಲೇ ನಡೆದಳು, ಡೊರೀನ್ ಹಿಂದಿನಿಂದ ದಾರಿ ಹೇಳಿದಳು. ಡ್ರೈವ್‌ವೇ ಮುಗಿದಮೇಲೆ ರಸ್ತೆಗೇ ಇಳಿದರು. ನಂದಾ ಸಂಡಿಗೆಯ ಹಾಗೆಯೇ ಮಗುಚಿ ಹಾಕುತ್ತಿದ್ದಳು, ಒಂದು ಮೈ ಒಣಗುವುದರೊಳಗೆ ಇನ್ನೊಂದು ಮೈ. ಮಧ್ಯಾಹ್ನ ಕಳೆಯುವ ಹೊತ್ತಿಗೆ ನೂಲು ಬಿಸಿಯಾಗಿ ಗರಿಗರಿ ಅನ್ನತೊಡಗಿತು, ಕಡ್ಡಿಯಲ್ಲಿ ಇನ್ನೂ ತಂಪಿತ್ತು. ಅಷ್ಟರಲ್ಲಿ ಪಡುವಣದಿಂದ ಒಂದು ಕರೀ ಮೋಡ ಬಂದು ಸರಿಯಾಗಿ ತಲೆ ಮೇಲೆ ಕೂತಿತು. ನಂದಾ ಮುಖ ಮೇಲೆತ್ತಿ ಮೋಡಕ್ಕೆ ಶಾಪ ಹಾಕಿದಳು.

ವೀರೇಂದ್ರ ಟೈ ಸಡಿಲಿಸಿ ನಿಂತಿದ್ದವನು ಏನೋ ಯೋಚಿಸಿದ. ಕಾರಿನೊಳಗೆ ಕೂತ. ಎಂಜಿನ್ ಚಾಲೂ ಮಾಡಿ ಹಾಗೇ ಬಿಟ್ಟ.

"ಎಲ್ಲಿಗೆ ಹೊಂಟ್ರಿ?" ನಂದಾ ಕಿರುಚಿದಳು.

"ಎಲ್ಲಿಗೂ ಇಲ್ಲ. ಮ್ಯಾಲಿನ ಬೆಂಕಿ ಕೈಕೊಟ್ರ ಕೆಳಗಿನ ಬೆಂಕಿ. ಎಂಜಿನ್ ಕಾದ್ರ ಬಾನೆಟ್ ಹಂಚಿನಂಗ ಆಗ್ತೈತಿ. ಸುಡದಂಗ ನೋಡ್ಕೋ."

ನಂದಾ ಅವನನ್ನು ನೋಡಿದ ನೋಟ ಇದೆಯಲ್ಲ, ಮದುವೆಯಾದ ವರ್ಷದಿಂದ ಅವನಿಗೆ ಅದು ಸಿಕ್ಕಿರಲಿಲ್ಲ. ಅವನು ನಾಚಿಕೊಂಡು ಎಂಜಿನ್ನಿನ ಬಿಸಿ ತೋರಿಸುವ ಗೇಜನ್ನೇ ದಿಟ್ಟಿಸಿದ. ಮೋಡ ಅರ್ಧ ಗಂಟೆ ಸತಾಯಿಸಿ ಹೋಯಿತು, ಬಿಸಿಲು ಮತ್ತೆ ಬಂತು. ಏಳು ಗಂಟೆಯಾದರೂ ಬಿಸಿಲೇ. ಒಂದು ಹಗಲನ್ನು ನಂದಾ ಜನ್ಮದಲ್ಲಿ ಹೀಗೆ ಒಂದು ಚೂರೂ ಬಿಡದೆ ಬಳಸಿರಲಿಲ್ಲ.

ಅತಿಥಿಗಳು ಒಬ್ಬೊಬ್ಬರಾಗಿ ಬಂದರು. ತಲೆಗೆ ಹೂವಿನ ಸಿಂಬಿ, ಕೈಯಲ್ಲಿ ಹಣ್ಣು, ಬ್ರೆಡ್ಡು, ಒಬ್ಬನ ಹೆಗಲಲ್ಲಿ ಡೋಲು. ಬೀದಿಯಲ್ಲಿ ಗುರ್ರೆನ್ನುತ್ತಾ ನಿಂತ ಕಾರನ್ನೂ ಅದರ ಮೇಲಿನ ಸೂರ್ಯನನ್ನೂ ನೋಡಿ ಕಣ್ಣರಳಿಸಿದರು. ಹೊತ್ತು ಇಳಿಯುವಾಗ ನಂದಾ ಸೂರ್ಯನ ಒಂದು ಕಡ್ಡಿಯ ತುದಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಸಂಡಿಗೆ ಒಣಗಿದೆಯೋ ಇಲ್ಲವೋ ನೋಡುವುದು ಹಾಗೆಯೇ. ಚಟಕ್ ಅಂತು.

"ಆತು," ಅಂದಳು.

ಅಂಗಳದಲ್ಲಿ ಸೌದೆ ಒಟ್ಟಿದ್ದರು, ಎಲ್ಲರೂ ಸುತ್ತ ನಿಂತರು. ಡೊರೀನ್ ಮುಚ್ಚುಮರೆ ಇಲ್ಲದೆ ನಡೆದದ್ದನ್ನೆಲ್ಲ ಹೇಳಿದಳು. ಇವಳ ಊರಿನಲ್ಲಿ ಪೂಜೆ ಮಾಡಿದ್ದನ್ನು ಹೂವಿಟ್ಟು ನೀರಿಗೆ ಒಪ್ಪಿಸ್ತಾರಂತೆ, ಹಾಗಾಗಿ ಈ ವರ್ಷ ನಮ್ಮ ಸೂರ್ಯ ಬೆಂಕಿಗೆ ಮುಂಚೆ ಸ್ನಾನ ಮಾಡಿಕೊಂಡು ಬಂದಿದ್ದಾನೆ ಅಂದಳು. ಕೆಲವರು ನಕ್ಕರು. ನಂದಾ ತಲೆ ತಗ್ಗಿಸಿ ನಿಂತಿದ್ದಳು. ಡೊರೀನ್ ಬಂದು ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. ಡೊರೀನಳ ಎಡಗೈ, ನಂದಾಳ ಬಲಗೈ, ನಡುವೆ ಹಳೇ ಸೂರ್ಯ. ಯಾರೋ ಕಡ್ಡಿ ಗೀರಿ ಹಿಡಿದರು.

ಹೊಗೆ ಬಂತು. ಬರೀ ಹೊಗೆ. ನೂಲು ಕಪ್ಪಗಾಗಿ ಮುದುಡಿತು, ಜ್ವಾಲೆ ಏಳಲಿಲ್ಲ. ಕಡ್ಡಿ ಆರಿತು. ಡೋಲಿನವನು ಕೈ ನಿಲ್ಲಿಸಿದ. ಇಬ್ಬರೂ ಸೂರ್ಯನನ್ನು ಹಿಡಿದ ಕೈ ಬಿಡಲಿಲ್ಲ. ಆಗ ಒಣಹೂವಿನ ಗೊಂಚಲಿನೊಳಗಿಂದ ಸಣ್ಣದೊಂದು ಕೆಂಪು ಕಣ್ಣು ತೆರೆಯಿತು, ನಂದಾ ಮೆಲ್ಲಗೆ ಊದಿದಳು, ಒಲೆ ಊದಿದ ಹಾಗೆ. ಬುಸ್ ಅಂತ ಹತ್ತಿತು. ಬಳ್ಳಿಯ ಸುತ್ತ ಓಡಿ ಇಡೀ ಚಕ್ರ ಬೆಂಕಿಯಾಯಿತು. ಇಬ್ಬರೂ ಅದನ್ನು ಸೌದೆಗೆ ಇಟ್ಟರು. ಡೊರೀನ್ ಗಟ್ಟಿಯಾಗಿ ಅತ್ತಳು, ನಂದಾಳೂ ಅತ್ತಳು, ದೂರದಲ್ಲಿ ಕಾರಿಗೊರಗಿ ನಿಂತಿದ್ದ ವೀರೇಂದ್ರ ಹೊಗೆ ಕಣ್ಣಿಗೆ ಹೋಯಿತು ಅಂದ. ಹೊಗೆ ಆ ಕಡೆ ಹೋಗಿರಲಿಲ್ಲ.

ಹಾಡು, ಕುಣಿತ, ಊಟ ಎಲ್ಲ ಆದಮೇಲೆ ಡೊರೀನ್ ಹೊಸ ಸೂರ್ಯನನ್ನು ತಂದು ನಂದಾಳಿಗೆ ಕೊಟ್ಟಳು. "ಮಾಡಿದವರ ಬಾಗಿಲಲ್ಲೇ ಇರಬೇಕು ಅಂತ ಪೆಗಿ ಹೇಳ್ತಿದ್ದಳು. ಈ ವರ್ಷ ಮಾಡಿದವಳು ನೀನು."

"ಒಂದನ್ನು ನೀರಿಗೆ ಹಾಕಿದವಳಿಗೆ ಇನ್ನೊಂದನ್ನು ಕೊಡ್ತೀರಾ?"

"ಒಂದು ಸಲ ಹಾಕಿದೀಯಲ್ಲ, ಇನ್ನು ಹಾಕಲ್ಲ."

ನಂದಾ ಗಂಡನ ಕಡೆ ನೋಡಿದಳು. "ಡಿಸೆಂಬರಿಗೆ ಇವರ ಪ್ರಾಜೆಕ್ಟ್ ಮುಗಿಯುತ್ತೆ. ಮುಂದಿನ ಜೂನಿಗೆ ನಾವು ಎಲ್ಲಿರ್ತೀವೋ ಗೊತ್ತಿಲ್ಲ."

"ಎಲ್ಲಾದರೂ ಇರಿ. ಇದನ್ನು ತಗೊಂಡು ಬಾ. ನೀನು ಬರದಿದ್ದರೆ ನನ್ನ ಹತ್ತಿರ ಬೆಂಕಿ ಹಚ್ಚೋಕೆ ಏನೂ ಇರಲ್ಲ," ಅಂದಳು ಡೊರೀನ್. "ಮುಂದಿನ ವರ್ಷ ಉದ್ದದ ಹಗಲು ಜೂನ್ ಇಪ್ಪತ್ತನೇ ತಾರೀಖಿಗೆ ಬರುತ್ತೆ."

ನಂದಾ ಸೂರ್ಯನನ್ನು ಎದೆಗೊತ್ತಿಕೊಂಡು ಮನೆ ಕಡೆ ನಡೆದಳು. ವೀರೇಂದ್ರ ಜೊತೆಗೆ ಬರಲಿಲ್ಲ, ಡೊರೀನಳ ಹತ್ತಿರ ಏನೋ ಕೇಳುತ್ತಾ ನಿಂತ. ಅವಳು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ, ಬಾಗಿಲ ಹಿಡಿಗೆ ದಾರದಲ್ಲಿ ಕಟ್ಟುವುದೋ, ಒಳಗೆ ಪೆಟ್ಟಿಗೆಯ ಮೇಲೆ ಇಡುವುದೋ ಅಂತ ನೋಡುತ್ತಿರುವಾಗ ಅವನು ಬಂದ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ದೊಡ್ಡದೊಂದು ಮೊಳೆ.

"ಮೊಳಿ ಹೊಡೀಬಾರದು ಅಂತಿದ್ರಲ್ಲ."

"ಅಂತಿದ್ದೆ."

ಅವನು ಬಾಗಿಲ ಚೌಕಟ್ಟಿನ ಮೇಲೆ ಮೊಳೆ ಇಟ್ಟು ಹೊಡೆದ. ಕೈಗೆ ರೂಢಿಯಿಲ್ಲ, ಮೊದಲ ಏಟು ಹೆಬ್ಬೆರಳಿಗೆ ಬಿತ್ತು. ಎದುರು ಮನೆಯವರು ಬಾಗಿಲು ತೆರೆದು ನೋಡಿದರು, ಅವನು ಲೆಕ್ಕಿಸಲಿಲ್ಲ. ಕೊನೆಗೆ ಮೊಳೆಯನ್ನು ಹಿಡಿದು ಜಗ್ಗಿ ನೋಡಿದ, ಅಲುಗಲಿಲ್ಲ. ನಂದಾ ಸೂರ್ಯನನ್ನು ನೇತುಹಾಕಿದಳು.

ಹೆಬ್ಬೆರಳು ಚೀಪುತ್ತಾ ಅವನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಏನೋ ಎಣಿಸಿದ. ಎರಡು ಸಾವಿರನೇ ಇಸವಿಯ ತಾರೀಖುಗಳನ್ನು ಹಗಲೆಲ್ಲ ಬೇರೆಯವರಿಗಾಗಿ ಎಣಿಸುವ ಮನುಷ್ಯ.

"ಮುಂದಿನ ವರ್ಷ ಜೂನ್ ಇಪ್ಪತ್ತು ಮಂಗಳವಾರ ಬರ್ತೈತಿ," ಅಂದ. "ಎಲ್ಲೇ ಇರಲಿ, ಅವತ್ತು ರಜಾ ಹಾಕ್ತೀನಿ."